ಹುಳದ ಗುಂಡಿ

ಅನಗೋಳದ ನಮ್ಮ ಮನೆಯ ಹಿತ್ತಿಲಲ್ಲಿ, ನೀರೊಲೆಗೆಂದು ಪೇರಿಸಿದ ಕಟ್ಟಿಗೆಯ ಒಟ್ಟಿಲಿಗೆ ಒರಗಿ ಒಂದು ಬಡಿಗೆ ನಿಂತಿರುತ್ತದೆ. ಒಂದೇ ಒಂದು ತುಂಡು ತೆಗೆಯಬೇಕಾದರೂ ಅವ್ವ ಮೊದಲು ಅದರಿಂದ ಒಟ್ಟಿಲನ್ನು ಬಡಿದು, "ಹುಳಾ ಇರ್ತಾವ" ಎಂದು ತನಗೆ ತಾನೇ ಹೇಳಿಕೊಂಡು, ಆಮೇಲಷ್ಟೇ ಕೈ ಹಾಕುತ್ತಾಳೆ. ಹಾವು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಹೆಸರು ತೆಗೆದರೆ ಬಂದೀತೆಂಬ ಅಂಜಿಕೆ. ಅದನ್ನು ಆಡಿಕೊಂಡು ನಗುತ್ತ ಬೆಳೆದವನು ನಾನು. ಈಗ ನಗುವುದಿಲ್ಲ, ಯಾಕೆಂದು ಹೇಳುತ್ತೇನೆ, ಕೇಳಿ.

ಇಂಟರ್‌ನೆಟ್ ನಮ್ಮ ಕಡೆ ಆಗಷ್ಟೇ ಕಾಲಿಡುತ್ತಿದ್ದ ವರ್ಷಗಳಲ್ಲಿ, ಬೆಳಗಾವಿಯ ಒಂದು ಸೇವಾಸಂಸ್ಥೆಗಾಗಿ ತುರ್ತು ಚಿಕಿತ್ಸೆಯ ವೆಬ್‌ಸೈಟ್ ಮಾಡಿದೆ. ಬಣ್ಣ, ಅಕ್ಷರ, ಅಂಚು ಎಲ್ಲವೂ ನನ್ನ ಕಣ್ಣಿಗೆ ಒಪ್ಪಿದಂತೆ. 'ಸರ್ಪದಂಶ'ಕ್ಕೊಂದು ಗುಂಡಿ, ಇರುವೆ, ಜೇನಿನಂಥವುಗಳ 'ಹುಳ ಕಡಿತ'ಕ್ಕೊಂದು ಗುಂಡಿ. ಮರುದಿನವೇ ಎಲ್ಲರಿಗೂ ತೆರೆಯಬೇಕು ಅನ್ನುವಾಗ, "ಬಳಸೋ ಮಂದಿ ಬಾಜು ಕುಂತು ನೋಡ್ರಿ, ಬರಕೊಳ್ರಿ, ಆಮ್ಯಾಲೆ ಬಿಡೂಣು" ಎಂದು ಸಂಸ್ಥೆಯ ಡಾಕ್ಟರಬಾಯಿ ಹಟ ಹಿಡಿದರು. ನನಗೆ ಸಿಟ್ಟೇ ಬಂತು. ನನ್ನ ಕಣ್ಣಿಗೂ ಸಾಕ್ಷಿ ಬೇಕೇ?

ಮುಖ ಗಂಟಿಕ್ಕಿಕೊಂಡೇ ನೋಟ್‌ಬುಕ್ ಹಿಡಿದು ಖಾನಾಪುರಕ್ಕೆ ಹೋದೆ. ಅಲ್ಲಿ ಫೋನ್ ಬೂತ್ ನಡೆಸುವ ಶಾಂತಕ್ಕನ ಕಂಪ್ಯೂಟರಿನಲ್ಲಿ ನಮ್ಮ ಪುಟಗಳು ತೆರೆಯಬೇಕಿತ್ತು. ಕಾಡಂಚಿನ ಹಳ್ಳಿಯವರು ಓಡಿಬಂದರೆ ಓದಿ ಹೇಳುವವಳು ಆಕೆಯೇ.

"ಗದ್ದ್ಯಾಗ ಒಬ್ಬಾಕಿಗೆ ಹಾವು ಕಡದೈತಿ ಅನ್ರಿ. ಏನ್ ಒತ್ತತೀರಿ?" ಎಂದೆ.

"ಹೆಸರ ತಗೀಬ್ಯಾಡ್ರಿ" ಎಂದು ಗದರಿ, ಆಕೆ ಒಂದಿಷ್ಟೂ ತಡೆಯದೆ ಹುಳದ ಗುಂಡಿ ಒತ್ತಿದಳು. ನಾನು ಬರೆದ ಸಾಲನ್ನೇ ಗಟ್ಟಿಯಾಗಿ ಓದಿದಳು: ತೊಳೆದು ಮುಲಾಮು ಹಚ್ಚಿ, ಊತ ಇಳಿಯುವವರೆಗೆ ಕಾಯಿರಿ.

"ಕಾಯ್ತೀರೇನ್ರಿ?" ಎಂದೆ.

"ಕಾಯ್ತೀವ್ರಿ. ಡಾಕ್ಟರ್ ಬರಸ್ಯಾರಲ್ಲ, ಖರೇನ ಇರತೈತಿ."

ನಮ್ಮ ಮಾತಿನಲ್ಲಿ ಒತ್ತುವುದೂ ಗುಂಡಿ, ಬೀಳುವುದೂ ಗುಂಡಿ. ನಾನು ತೋಡಿಟ್ಟದ್ದು ಎರಡನೆಯದನ್ನು. ಅವ್ವನ ಬಾಯಲ್ಲಿ ದಿನಾ ಕೇಳಿದ ಮಾತನ್ನೇ ಕಂಪ್ಯೂಟರಿನ ಮುಂದೆ ಕುಳಿತು ಮರೆತಿದ್ದೆನಲ್ಲ.

ಅಲ್ಲೇ ಕುಳಿತು ತಿದ್ದಿದೆ. ಹುಳದ ಗುಂಡಿ ಒತ್ತಿದ ಕೂಡಲೇ ಈಗ ಮೊದಲ ಸಾಲು: "ಹುಳ ಮುಟ್ಟೈತೇನು? ಕಾಯಬ್ಯಾಡ್ರಿ, ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗ್ರಿ." ಶಾಂತಕ್ಕ ಓದಿ ತಲೆಯಾಡಿಸಿದಳು. ನನಗೆ ಮಾತ್ರ ನಿರಾಳವಾಗಲಿಲ್ಲ. ಮರಾಠಿ ಮನೆಗಳಲ್ಲಿ, ದಖ್ಖನಿ ಮನೆಗಳಲ್ಲಿ ಅದಕ್ಕೆ ಇನ್ನೇನು ಮರೆಹೆಸರಿದೆಯೋ, ಉಳಿದ ಪುಟಗಳಲ್ಲಿ ಇನ್ನೆಲ್ಲೆಲ್ಲಿ ಕಾಯಿರಿ ಎಂದು ಬರೆದಿದ್ದೇನೋ.

ಮರುದಿನ ಬೆಳಿಗ್ಗೆ ಕಟ್ಟಿಗೆ ತರಲು ಹಿತ್ತಿಲಿಗೆ ಹೋದೆ. ಬಡಿಗೆಯಿಂದ ಒಟ್ಟಿಲನ್ನು ಬಡಿದೆ. ಕೈ ಚಾಚಿ, ಹಿಂದೆಗೆದು, ಮತ್ತೆ ಬಡಿದೆ.

"ಅಷ್ಟ ಬಡದರ ಸಾಕು, ಬಾರೋ" ಎಂದು ಅವ್ವ ಒಳಗಿನಿಂದ ಕರೆದಳು.

ಎಷ್ಟು ಬಡಿದರೆ ಸಾಕೆಂದು ನನಗೆ ಗೊತ್ತಾಗಲಿಲ್ಲ.