ಆಸ್ಟ್ರಿಡ್ ಅಂದವನ ಬೆನ್ನು

ನಮ್ಮ ಧಾರವಾಡದ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಡೆಲ್ಫ್ಟ್‌ನ ಗೆಳತಿ ಸುಧಾಳ ಮಗಳ ನಾಮಕರಣಕ್ಕೆ ಸೋದರತ್ತೆಯ ವೀಸಾ ಆಗಲಿಲ್ಲ. ಅವಳ ಬದಲಿಗೆ ನಾನು ಆಮ್ಸ್ಟರ್‌ಡ್ಯಾಮಿನಿಂದ ರೈಲು ಹತ್ತಿ ಹೋದೆ.

ಸುಧಾಳ ಗಂಡ ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾರ, ಗಂಗಾ ಬ್ಯಾಡ, ಆಸ್ಟ್ರಿಡ್ ಅನ್ರಿ. ಸ್ಕ್ಯಾಂಡಿನೇವಿಯನ್ ಹೆಸರು, ಇಲ್ಲಿ ಎಲ್ಲಾರ ಬಾಯಾಗೂ ಸಲೀಸ್ ಬರ್ತದ."

"ಸುಧಾಗ ಹೇಳೀಯೇನು?"

"ನೀವು ಅಂದ್ಬಿಟ್ರ ಮುಗೀತಲ್ರಿ. ಆಮ್ಯಾಲ ಅಕಿ ಏನ್ ಮಾಡ್ತಾಳ?"

ಮೈಯೆಲ್ಲ ಉರಿಯಿತು. ತೀರಿಹೋದ ತಾಯಿ ಗಂಗಾಳ ಹೆಸರಿಡಬೇಕೆಂದು ಆಸೆಪಟ್ಟವಳು ಒಳಗೆ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಳು. ಇವನಿಗೆ ಆಫೀಸಿನವರ ನಾಲಿಗೆಯ ಚಿಂತೆ! ಸುಳ್ಳಿಗೆ ನನ್ನ ಬಾಯಿ ಬೇಕು, ಗುದ್ದಿಗೆ ನನ್ನ ಬೆನ್ನೂ ಬೇಕು.

ತೊಟ್ಟಿಲಿಗೆ ಬಗ್ಗಿ ಎಲ್ಲರಿಗೂ ಕೇಳುವಂತೆ "ಗಂಗಾ" ಎಂದೆ. ಗುದ್ದಲು ಕೈಗಳೆದ್ದವು. "ತಡೀರಿ," ಎಂದು ಅವನನ್ನು ಮುಂದಕ್ಕೆ ಎಳೆದೆ. "ಸುಧಾಗ ಹೇಳದ ಆಸ್ಟ್ರಿಡ್ ಅಂತ ಇಡಾಕ ಹೊಂಟಿದ್ದ. ಗುದ್ದು ಇವಂಗ ಹಾಕ್ರಿ."

ಮೊದಲ ಗುದ್ದು ಸುಧಾಳದು. ಪರದೇಶದಲ್ಲಿ ನಮ್ಮ ಪದ್ಧತಿ ಉಳಿಯುವುದಿಲ್ಲ ಎನ್ನುವವರು ಅವತ್ತು ಅವನ ಬೆನ್ನು ನೋಡಬೇಕಿತ್ತು.