ಸ್ಟೇರಿಂಗ್ ಇಲ್ಲದ ಗಾಲಿ

ಟೈರ್ ಕಾಕಾನ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ನಡುವಿನದು ಯಾವಾಗಲೂ ಕಪ್ಪು. ಬಲಗೈಯ ನಡುಬೆರಳಿನ ತುದಿ ಎಂದೋ ಟೈರು ಮತ್ತು ರಿಮ್ಮಿನ ನಡುವೆ ಸಿಕ್ಕು ಜಜ್ಜಿಹೋಗಿತ್ತು. ಗಾಯ ಮಾಯ್ದರೂ ಅಲ್ಲೊಂದು ಸೀಳು ಉಳಿದು, ಅದರೊಳಗೆ ರಬ್ಬರಿನ ಮಸಿ ಕೂತುಬಿಟ್ಟಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದ ಮಸಿ. ಬೆಳಿಗ್ಗೆ ಜಳಕ ಮಾಡಿ ಮೂರು ಬೆರಳು ಕೂಡಿಸಿ ಎಳೆದುಕೊಂಡರೆ ಎರಡು ಗೆರೆ ಬಿಳಿ, ಒಂದು ಕರಿ. “ಇರ್ಲಿ ಬಿಡು, ಶಿವಗೂ ನನ್ನ ಕಸುಬು ಯಾವುದಂತ ತಿಳೀಲಿ” ಎಂದು ನಗುತ್ತಿದ್ದ. ಹಾಗೆ ನಗುತ್ತಿದ್ದುದು ನನ್ನ ತಂಗಿ ಸಾಯುವ ಮೊದಲು. ಆಮೇಲೆ ಅವನು ನಕ್ಕದ್ದನ್ನು ನಾನು ಒಮ್ಮೆ ಮಾತ್ರ ನೋಡಿದೆ.

ಮಸ್ಕಿಯಲ್ಲಿ, ಸಿಂಧನೂರಿಗೆ ಹೋಗುವ ರಸ್ತೆಯ ಮೇಲೆ ಅವನ ಅಂಗಡಿ. ಅದರ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವನಿಗೂ ನಮಗೂ ರಕ್ತಸಂಬಂಧವೇನಿಲ್ಲ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ನೆಲ್ಲು ಹಚ್ಚುವ ಹೆಂಗಸರ ಗುಂಪು ಕಟ್ಟಿಕೊಂಡು ಕಾಲುವೆ ಸೀಮೆಯ ಗದ್ದೆಗಳಿಗೆ ಹೋಗುತ್ತಿದ್ದಳು. ಅವಳು ಬರುವ ತನಕ ನಾನು, ತಂಗಿ ಇಬ್ಬರೂ ಕಾಕಾನ ಅಂಗಡಿಯಲ್ಲಿ ಹಳೆಯ ಟೈರುಗಳ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆವು. ಗ್ರಾಹಕರು ಯಾರಾದರೂ ನಮ್ಮೆದುರು ಹೊಲಸು ಮಾತಾಡಿದರೆ ಕಾಕಾ ಏನೂ ಅನ್ನುತ್ತಿರಲಿಲ್ಲ. ಕಂಪ್ರೆಸರ್ ಚಾಲೂ ಮಾಡಿಬಿಡುತ್ತಿದ್ದ. ಆ ಸದ್ದಿನಲ್ಲಿ ಬೈದವನ ಬೈಗುಳ ಅವನಿಗೇ ಕೇಳುತ್ತಿರಲಿಲ್ಲ.

ಒಂದು ದಿನ ತಂಗಿ ಸೀಮೆಸುಣ್ಣದ ಡಬ್ಬಿಯ ಕೆಳಗೆ ಎರಡು ಹಳೆಯ ಬೇರಿಂಗು ಕಟ್ಟಿಕೊಂಡು, ದಾರ ಹಾಕಿ ಎಳೆದಾಡುತ್ತಿದ್ದಳು. ಕಾಕಾ ಅದನ್ನು ಇಸಿದುಕೊಂಡು ಡಬ್ಬಿಯ ಹಿಂದಿನ ತುದಿಗೆ ಒಂದು ಹಿಡಿ ನಟ್ಟು ಹಾಕಿ ಎಳೆದ. ಡಬ್ಬಿ ಅತ್ತಿತ್ತ ಹೊಯ್ದಾಡಿ ಮಗುಚಿತು. ಅವೇ ನಟ್ಟುಗಳನ್ನು ಮುಂದಿನ ತುದಿಗೆ ಸರಿಸಿ ಎಳೆದ. ನೆಟ್ಟಗೆ ಬಂತು.

“ನೋಡ್ರಿಬೇ, ಎರಡು ಗಾಲಿ ಗಾಡಿಗೆ ಭಾರ ಅಚ್ಚಿನ ಮುಂದ ಇರಬೇಕು. ಹಿಂದ ಹೇರಿದ್ರ ನಾಯಿ ಬಾಲ ಆಗ್ತೈತಿ, ಯಾರ ಮಾತೂ ಕೇಳಂಗಿಲ್ಲ.”

ತಂಗಿ ಆ ದಿನವೆಲ್ಲ ನಟ್ಟು ಹಿಂದಕ್ಕೇ ಹಾಕಿ ಎಳೆದಳು. ಬಾಲ ಅಲ್ಲಾಡಿಸುವುದೇ ಅವಳಿಗೆ ಚೆಂದ ಕಂಡಿತ್ತು.

ಕೆಲಸದಲ್ಲಿ ಕಾಕಾ ಬಹಳ ನಿಧಾನಿ. ಗದ್ದೆಯಿಂದ ಬಂದ ಗಾಡಿಯಾದರೆ ಮುರುಕು ಕುಡಗೋಲು ಹಿಡಿದು, ರಿಮ್ಮಿನ ಒಳಮೈಗೆ ಹತ್ತಿ ಒಣಗಿದ ಕೆಸರನ್ನು ಮೊದಲು ಕೆರೆದು ತೆಗೆಯಲೇಬೇಕು. ಅವಸರ ಮಾಡಿದವರಿಗೆ, “ಮಣ್ಣು ಇಟ್ಕೊಂಡು ತೂಕ ಹಾಕಿದ್ರ ಮಣ್ಣಿಗೆ ಬ್ಯಾಲೆನ್ಸ್ ಮಾಡ್ದಂಗಾತು, ಗಾಲಿಗಲ್ಲ” ಅನ್ನುತ್ತಿದ್ದ. ಕಾರು, ಜೀಪುಗಳ ಗಾಲಿಗಳನ್ನು ಮಷೀನಿಗೆ ಹಾಕಿ, ಹಗುರಾದ ಕಡೆ ಸೀಸದ ತುಂಡು ಹಚ್ಚಿ ಬ್ಯಾಲೆನ್ಸ್ ಮಾಡಿಕೊಡುತ್ತಿದ್ದ. ಇಲ್ಲದಿದ್ದರೆ ಓಡುವಾಗ ಸ್ಟೇರಿಂಗ್ ಹಿಡಿದವನ ಕೈ ನಡುಗುತ್ತದೆ. ಆದರೆ ಟ್ರೇಲರಿನ ಗಾಲಿಗೂ ಬ್ಯಾಲೆನ್ಸ್ ಬೇಕೇ ಎಂದು ಯಾರಾದರೂ ಕೇಳಿದರೆ ಅವನಿಗೆ ಎಲ್ಲಿಲ್ಲದ ತಮಾಷೆ.

“ಸ್ಟೇರಿಂಗ್ ಐತೇನಪ್ಪ ಅದಕ್ಕ? ಯಾರ ಕೈ ನಡುಗ್ತೈತಿ? ಹೋಗು, ಆರಾಮ ಹೋಗು.”

ಈ ಮಾತನ್ನು ಅವನು ನೂರಾರು ಜನರಿಗೆ ಹೇಳಿರಬೇಕು. ತಂಗಿ ತೀರಿಕೊಂಡ ವರ್ಷ, ನಾಟಿಯ ದಿನಗಳಲ್ಲಿ ಒಂದು ಮುಂಜಾನೆ, ನಮ್ಮನ್ನು ಕರೆದೊಯ್ಯಲು ಬಂದ ಜೀಪಿನ ಡ್ರೈವರನಿಗೂ ಹೇಳಿದ. ಜೀಪಿನ ಹಿಂದೆ ಎರಡು ಗಾಲಿಯ ಟ್ರೇಲರ್ ಇತ್ತು. ಅದರ ಒಂದು ಗಾಲಿಗೆ ಹೊಸ ಟೈರು ಹಾಕಿಸಿದ ಡ್ರೈವರ್, “ಇದನ್ನೂ ಮಷೀನಿಗೆ ಹಾಕ್ತೀಯೇನ್ ಕಾಕಾ?” ಎಂದು ಕೇಳಿದ್ದ. ಕಾಕಾ ನಕ್ಕು ಅದೇ ಮಾತು ಅಂದ. ಜೀಪಿನಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು.

ನಾನು ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ತಂಗಿ ಪಿಯುಸಿ. ರಜೆಯಿದ್ದುದರಿಂದ ಇಬ್ಬರೂ ಅವ್ವನ ಜೊತೆ ಹೊರಟಿದ್ದೆವು. ಗೊರೇಬಾಳದಲ್ಲಿ ಸಸಿ ಹೇರಿಕೊಂಡು ಬಳಗಾನೂರಿನ ಕಡೆಯ ಗದ್ದೆಗೆ ಹೋಗಬೇಕಿತ್ತು. ಡ್ರೈವರ್ ಚಹಾ ಕುಡಿಯಲು ಹೋದ. ಉಳಿದ ಹೆಂಗಸರು ಕಾಲುವೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತರು. ಸಸಿಯ ಕಟ್ಟುಗಳನ್ನು ಹೇರಿದವರು ನಾವು ಮೂವರೇ.

ಅವ್ವ ಎಲ್ಲ ಕಟ್ಟುಗಳನ್ನೂ ಟ್ರೇಲರಿನ ಹಿಂದಿನ ತುದಿಗೇ ಒಟ್ಟಿಸಿದಳು. ಅವಳದು ಯಾವಾಗಲೂ ಅದೇ ರೂಢಿ. ಗದ್ದೆ ಬಂದ ಕೂಡಲೇ ಹಿಂದಿನ ಹಲಗೆ ಬಿಚ್ಚಿ, ಗಾಡಿ ಬದುವಿನ ಗುಂಟ ಮೆಲ್ಲಗೆ ಸಾಗುತ್ತಿದ್ದಂತೆ ಒಂದೊಂದೇ ಕಟ್ಟು ಎಳೆದು ಕೆಸರಿಗೆ ಎಸೆಯುತ್ತ ಹೋಗಬಹುದು. ಹೊತ್ತು ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ. ಟ್ರ್ಯಾಕ್ಟರಿನ ಹಿಂದೆ ಎತ್ತಿನ ನಡಿಗೆಯಲ್ಲಿ ಹೋಗುವಾಗ ಅದರಿಂದ ಏನೂ ಆಗುತ್ತಿರಲಿಲ್ಲ. ಈ ಸಲ ಎಳೆಯುವುದು ಜೀಪು ಎಂಬುದು ಅವಳ ಲೆಕ್ಕಕ್ಕೆ ಬರಲಿಲ್ಲ.

ನನ್ನ ಲೆಕ್ಕಕ್ಕೆ ಬಂದಿತ್ತು. “ಯವ್ವಾ, ಭಾರ ಮುಂದ ಇರಬೇಕಂತಾನ ಕಾಕಾ” ಅಂದೆ.

“ಇಳಸಾಕ ನಿಮ್ಮ ಕಾಕಾ ಬರ್ತಾನೇನು? ಕೊಡು ಜಲ್ದಿ.”

ಕೊಟ್ಟೆ. ನೀರು ಸೋರುವ ಕಟ್ಟುಗಳನ್ನು ಒಂದಾದ ಮೇಲೊಂದು ನನ್ನ ಕೈಯಾರೆ ಎತ್ತಿ ಕೊಟ್ಟೆ. ಜೀಪು ತುಂಬಿದ್ದರಿಂದ ತಂಗಿ ಟ್ರೇಲರಿನಲ್ಲಿ ಒಬ್ಬಳೇ ಕೂತಳು. ಕಾಲುವೆಯ ರಸ್ತೆಯಲ್ಲಿ ಜೀಪು ವೇಗ ಹಿಡಿಯಿತು. ಅವಳು ಜಡೆ ಹಿಡಿದುಕೊಂಡು ನನ್ನ ಕಡೆ ನೋಡಿ ನಗುತ್ತಿದ್ದಳು. ಮೊದಲು ಟ್ರೇಲರ್ ಸ್ವಲ್ಪ ಅಲ್ಲಾಡಿತು. ಆಮೇಲೆ ಇನ್ನೂ ದೊಡ್ಡದಾಗಿ, ಆ ದಂಡೆಗೊಮ್ಮೆ ಈ ದಂಡೆಗೊಮ್ಮೆ. ನಾನು ಕೂಗಿದೆ. ಡ್ರೈವರ್ ಬ್ರೇಕ್ ಒತ್ತಿದ. ಟ್ರೇಲರ್ ಕೊಂಡಿ ಕಿತ್ತುಕೊಂಡು ಕಾಲುವೆಗೆ ಉರುಳಿತು. ಕಟ್ಟುಗಳೆಲ್ಲ ನೀರಿನಲ್ಲಿ ತೇಲಿ ಹೋದವು. ತಂಗಿ ಟ್ರೇಲರಿನ ಕೆಳಗೆ ಸಿಕ್ಕಿದ್ದಳು.

ಅಷ್ಟು ಬರೆದರೆ ಸಾಕು.

ಡ್ರೈವರ್ ಎಲ್ಲರೆದುರು ಹೇಳಿದ್ದು ಒಂದೇ ಮಾತು: ಬ್ಯಾಲೆನ್ಸ್ ಮಾಡು ಅಂತ ಕೇಳಿದೆ, ಟೈರಿನವ ನಕ್ಕು ಕಳಿಸಿದ. ಅದು ಸುಳ್ಳಲ್ಲ, ಜೀಪಿನ ತುಂಬ ಕೂತವರೆಲ್ಲ ಕೇಳಿದ್ದರು. ತಂಗಿಗೆ ಮಣ್ಣು ಕೊಟ್ಟು ಬಂದ ಮರುದಿನ ಅವ್ವ ಕಾಕಾನ ಅಂಗಡಿಯ ಮುಂದೆ ನಿಂತಳು.

“ಸ್ಟೇರಿಂಗ್ ಐತೇನು ಅಂದ್ಯಲ್ಲೋ! ಯಾರ ಕೈ ನಡುಗ್ತೈತಿ ಅಂದ್ಯಲ್ಲೋ! ನೋಡು ಬಾರೋ, ನನ್ನ ಕೈ ನೋಡು!”

ಅವಳ ಎರಡೂ ಕೈ ನಡುಗುತ್ತಿದ್ದವು. ಕಾಕಾ ಜಾಕ್ ಹಿಡಿದುಕೊಂಡೇ ನಿಂತಿದ್ದ. ಕಂಪ್ರೆಸರ್ ಚಾಲೂ ಮಾಡಲಿಲ್ಲ.

ಸಸಿಯ ಕಟ್ಟುಗಳು ಎಲ್ಲಿದ್ದವು ಎಂದು ಕೇಳಬೇಕೆಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಕಾಕಾ ಒಬ್ಬನಿಗೆ. ವಾರ ಕಳೆದ ಮೇಲೆ, ನಾನು ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಗ ಬಂದ. ಕಣ್ಣು ಒಳಗೆ ಹೋಗಿದ್ದವು.

“ಒಂದು ಮಾತು ಖರೇ ಹೇಳು ತಾಯಿ. ಸಸಿ ಮುಂದಿದ್ದವೋ, ಹಿಂದಿದ್ದವೋ?”

ನನ್ನೆದುರಿಗೆ ಅವ್ವನ ಮುಖ ಬಂತು. ಅವಳು ಅನ್ನ ಬಿಟ್ಟು ಕೂತಿದ್ದಳು. ತಂಗಿಯ ಲಂಗ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ತಾನು ಹಿಂದೆ ಒಟ್ಟಿಸಿದ್ದೇ ಕಾರಣ ಎಂದು ತಿಳಿದರೆ ಆ ಲಂಗವನ್ನೇ ಕೊರಳಿಗೆ ಬಿಗಿದುಕೊಳ್ಳುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಇದು ನಾನು ಎಲ್ಲರಿಗೂ ಕೊಡಬಹುದಾದ ಕಾರಣ. ಇನ್ನೊಂದು ಕಾರಣವೂ ಇದೆ, ಅದು ನನ್ನ ಕೈಗಳದು.

“ಮುಂದಿದ್ದವು ಕಾಕಾ” ಅಂದೆ.

ಅವನು ತಲೆಯಾಡಿಸಿದ. “ಹಂಗಾದ್ರ ನನ್ನ ಗಾಲೀನ” ಅಂದ. ನನ್ನ ಕೊಡ ತುಂಬಿ ಹರಿಯುತ್ತಿತ್ತು. ಬಗ್ಗಿ ನಳ ಬಂದ್ ಮಾಡಿ ಹೋದ.

ಅಂದಿನಿಂದ ಅವನ ಅಂಗಡಿಯ ಮುಂದೆ ನಿಂತ ಯಾವ ಟ್ರೇಲರೂ ಹಾಗೇ ಹೋಗಲಿಲ್ಲ. ಕೇಳಲಿ ಬಿಡಲಿ, ಅವನು ಬ್ಯಾಲೆನ್ಸ್ ನೋಡಿಯೇ ಬಿಡುತ್ತಿದ್ದ. ಮಷೀನಿಗೆ ಹೊಂದದ ದೊಡ್ಡ ಗಾಲಿಗಳಾದರೆ ಜಾಕ್ ಹಚ್ಚಿ ಎತ್ತಿ, ಕೆಸರು ಕೆರೆದು, ಕೈಯಿಂದ ತಿರುಗಿಸಿ ಬಿಟ್ಟು ಕಾಯುವುದು. ಗಾಲಿ ತಿರುಗಿ ತಿರುಗಿ, ಭಾರದ ಕಡೆ ಕೆಳಗೆ ಮಾಡಿ ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು, ಎದುರು ಕಡೆಗೆ ಸೀಸ. ಮತ್ತೆ ತಿರುಗಿಸುವುದು. ಎಲ್ಲಿ ಬೇಕಾದರಲ್ಲಿ ನಿಲ್ಲುವ ತನಕ ಬಿಡುತ್ತಿರಲಿಲ್ಲ. “ಸ್ಟೇರಿಂಗ್ ಇಲ್ಲಂದ್ರ ಅದು ನಡುಗಂಗಿಲ್ಲ ಅಂತಲ್ಲಪ್ಪ. ನಡುಗೂದು ನಿನ್ನ ಕೈಗೆ ತಿಳಿಯಂಗಿಲ್ಲ, ಅಷ್ಟ” ಎಂದು ಡ್ರೈವರುಗಳಿಗೆ ಕೈ ಮುಗಿದು ಹೇಳುತ್ತಿದ್ದ. ಟ್ರ್ಯಾಕ್ಟರಿನವರು ಅವನನ್ನು ಕಂಡರೆ ತಪ್ಪಿಸಿಕೊಳ್ಳತೊಡಗಿದರು. ಎತ್ತಿನ ಕಣ್ಣಿಗೆ ಚಾಳೀಸು ಹಾಕುವ ಕಾಕಾ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಅವನ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುವವಳು, ಒಮ್ಮೆ ನನ್ನ ಕೈ ಹಿಡಿದು ಅತ್ತಳು. “ಎದಿ ನೋವು ಅಂತಾನ, ಮತ್ತ ಜಾಕ್ ಎತ್ತತಾನ. ನೀನರ ಹೇಳು ಬೇ, ನಿನ್ನ ಮಾತು ಕೇಳ್ತಾನ.”

ನಾನು ಏನು ಹೇಳಲಿ? ಹೇಳಬೇಕಾದ ಮಾತು ಒಂದೇ ಇತ್ತು. ಆ ಮಾತು ಆಡಿದರೆ ಅವನು ಜಾಕ್ ಕೆಳಗಿಡುತ್ತಿದ್ದ.

ಎರಡು ಸಲ ಹೇಳಲು ಹೋದೆ. ಮೊದಲನೆಯದು ನನ್ನ ನೌಕರಿಯ ಪರೀಕ್ಷೆಯ ದಿನ. ಬಸ್ಸು ತಪ್ಪಿತ್ತು. ಅವ್ವನಿಗೆ ಕಾಣದಂತೆ ಓಣಿಯ ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡು ಕಾದಿದ್ದು ನನ್ನನ್ನು ಲಿಂಗಸುಗೂರಿಗೆ ಮುಟ್ಟಿಸಿದವನು ಅವನೇ. ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ ಕೂತೆ. ಈಗ ಹೇಳುತ್ತೇನೆ, ಮುಂದಿನ ಊರು ಬಂದಾಗ ಹೇಳುತ್ತೇನೆ. ಇಳಿದಾಗ ಅವನು, “ಅಕಿ ಇದ್ದಿದ್ರ ಅಕಿನೂ ಬರೀತಿದ್ಲು” ಅಂದ. ನಾನು ಪರೀಕ್ಷೆಗೆ ಒಳಗೆ ನಡೆದೆ. ಎರಡನೆಯದು ನೌಕರಿ ಸಿಕ್ಕು ಪೇಢೆ ಕೊಡಲು ಹೋದಾಗ. ಅವನು ಒಂದು ಟ್ರೇಲರಿನ ಕೆಳಗೆ ಮಲಗಿದ್ದ. ಎರಡು ಕಾಲು ಮಾತ್ರ ಕಾಣುತ್ತಿದ್ದವು. ಪೇಢೆಯ ಪೆಟ್ಟಿಗೆಯನ್ನು ಟೈರಿನ ಮೇಲಿಟ್ಟು ಓಡಿಬಂದೆ. ನನ್ನಂಥ ಹೇಡಿಯನ್ನು ನಾನು ಬೇರೆ ಕಂಡಿಲ್ಲ.

ಹೋದ ವರ್ಷ, ಲಿಂಗಸುಗೂರಿನ ನನ್ನ ಕಚೇರಿಗೆ ಕಾಕುವಿನ ಫೋನು ಬಂತು. ಕಾಕಾನನ್ನು ಸಿಂಧನೂರಿನ ದವಾಖಾನೆಗೆ ಹಾಕಿದ್ದಾರೆ, ಹೃದಯ ಪೂರಾ ಸೋತಿದೆ, ನೋಡುವುದಿದ್ದರೆ ಬಾ ಎಂದಳು. ಅರ್ಧ ದಿನದ ರಜೆ ಬರೆದುಕೊಟ್ಟು ಓಡಿದೆ. ಮಸ್ಕಿಯಲ್ಲಿ ಬಸ್ಸು ನಿಂತೇ ನಿಂತಿತು. ಕಂಡಕ್ಟರ್ ಯಾರಿಗೋ ಕಾಯುತ್ತಿದ್ದ. “ಹೋಗೋಣ ನಡೀರಿ, ಕೈ ಮುಗೀತೀನ್ರಿ” ಎಂದು ನಾನು ಚೀರಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಕಿಟಕಿಯ ಹೊರಗೆ ಅವನ ಅಂಗಡಿಯ ಶಟರು ಇಳಿದಿತ್ತು. ಅವನು ಸತ್ತರೆ ಎಂಬ ಭಯಕ್ಕಿಂತ, ನಾನು ಹೇಳುವ ಮೊದಲೇ ಸತ್ತರೆ ಎಂಬ ಭಯವೇ ದೊಡ್ಡದಾಗಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅವನಿಗೆ ಎಚ್ಚರವಿತ್ತು. ಕಾಕು ಔಷಧ ತರಲು ಹೊರಗೆ ಹೋದಳು. ನಾನು ಕೂರಲೂ ಇಲ್ಲ.

“ಕಾಕಾ, ಸಸಿ ಹಿಂದಿದ್ದವು. ಎಲ್ಲಾ ಹಿಂದ. ಅವ್ವ ಒಟ್ಟಿಸಿದ್ಲು. ನಾ ಎತ್ತಿ ಕೊಟ್ಟೆ. ನಿನಗ ಸುಳ್ಳು ಹೇಳಿದೆ.”

ಅವನು ಬೈಯಲಿಲ್ಲ, ಲೆಕ್ಕ ಕೇಳಿದ.

“ಎಷ್ಟು ಕಟ್ಟು ಇದ್ದವು?”

ಹೇಳಿದೆ.

“ಹಸೀವೋ, ನೀರು ಸೋರಿ ಹಗುರಾಗಿದ್ದವೋ?”

“ಹಸೀವು ಕಾಕಾ.”

“ಅಕಿ ಎಲ್ಲಿ ಕುಂತಿದ್ಲು?”

“ಮುಂದ. ಒಬ್ಬಾಕೀನ.”

ಹೊದಿಕೆಯ ಮೇಲೆ ಅವನ ಬೆರಳುಗಳು ಸಣ್ಣಗೆ ಆಡುತ್ತಿದ್ದವು. ಮನಸ್ಸಿನಲ್ಲೇ ಆ ಟ್ರೇಲರನ್ನು ಹೇರಿ, ಜೀಪಿಗೆ ಕಟ್ಟಿ, ಕಾಲುವೆಯ ರಸ್ತೆಯಲ್ಲಿ ಎಳೆದು ನೋಡುತ್ತಿದ್ದ. ಕೊನೆಗೆ ಬೆರಳು ನಿಂತವು.

“ಹಂಗಾದ್ರ ಗಾಲಿ ಅಲ್ಲ” ಅಂದ. ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಯಿತು. “ಗಾಲಿ ಅಲ್ಲ ನೋಡು.”

ನಾನು ಅವನ ಕಾಲು ಹಿಡಿದುಕೊಂಡು ಅಳುತ್ತಿದ್ದೆ. “ಎಷ್ಟು ಟ್ರೇಲರ್ ಎತ್ತಿಸಿದೆ ಬೇ ನನ್ನ ಕಡಿಂದ” ಎಂದು ಅವನು ನಕ್ಕ. ನಾನು ಕಂಡ ಒಂದು ನಗು ಅಂದೆನಲ್ಲ, ಅದೇ. ಉಸಿರು ಸಾಲದೆ ಕೆಮ್ಮಿದ. “ಇರ್ಲಿ. ಅವಕ್ಕೇನ್ ಕೆಟ್ಟಾತು? ಚೊಲೋ ಓಡಾಡಾಕತ್ತಾವ.”

“ಇವತ್ತ ಹೋಗಿ ಅವ್ವಗ ಹೇಳ್ತೀನಿ ಕಾಕಾ. ಎಲ್ಲಾರಿಗೂ ಹೇಳ್ತೀನಿ.”

ಅವನು ನನ್ನ ಮಣಿಕಟ್ಟು ಹಿಡಿದ. ಆ ಸ್ಥಿತಿಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ಹೇಳಬ್ಯಾಡ. ನಿಮ್ಮವ್ವಗ ಹೇಳಬ್ಯಾಡ. ಅಕಿಗೆ ಬೈಯಾಕ ಒಬ್ಬಾಂವ ಬೇಕು. ನಾ ಇರ್ತೀನಿ ಬಿಡು.”

ಮೂರನೆಯ ದಿನ ತೀರಿಕೊಂಡ. ಸುದ್ದಿ ತಿಳಿದಾಗ ಅವ್ವ ಕಾಳು ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ. ನಾನು ಹೊರಟಾಗ, “ಅವನ ಮಣ್ಣಿಗೆ ಹೊಂಟಿಯೇನು? ಅಲ್ಲಿ ನಿನ್ನ ತಂಗಿ ನೆನಪು ಮಾಡ್ಕೋ” ಅಂದಳು. ನೆನಪು ಮಾಡಿಕೊಂಡೇ ಹೋದೆ. ಅಂಗಡಿಯ ಮುಂದೆ ಅವನನ್ನು ಕೂರಿಸಿದ್ದರು. ಯಾರೋ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿದ್ದರು. ಮೂರೂ ಗೆರೆ ಬೆಳ್ಳಗಿದ್ದವು. ಒಂದು ಗಳಿಗೆ ನನಗೆ ಗುರುತೇ ಹತ್ತಲಿಲ್ಲ.

ಸಂತೆಗೆ ಹೋಗುವಾಗ ಆ ಮುಚ್ಚಿದ ಶಟರಿನ ಮುಂದೆಯೇ ಹಾಯಬೇಕು. ಅವ್ವ ಇವತ್ತಿಗೂ ಅಲ್ಲಿ ಮುಖ ತಿರುಗಿಸಿ ಬೈಯುತ್ತಾಳೆ, ಬೈದು ಮುಗಿಸಿದ ಮೇಲೆ ಹಗುರಾಗಿ ನಡೆಯುತ್ತಾಳೆ. ನಾನು ಅವಳ ಕೈಚೀಲ ಇಸಿದುಕೊಂಡು ಪಕ್ಕದಲ್ಲಿ ನಡೆಯುತ್ತೇನೆ. ಅವ್ವನಿಗೆ ಓದಲು ಬರುವುದಿಲ್ಲ. ಬರುತ್ತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.