ಆಪಾ ಅಳಿಸಲು ಬಿಡದ ಎರಡನೆಯ ಪ್ರತಿ

ಆಪಾ ಅವರ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ನೆಟ್‌ವರ್ಕ್ ಕೇಬಲ್ಲಿನ ಒಳಗಿನ ತೆಳು ನೀಲಿ ತಂತಿಯನ್ನು ಬಿಗಿಯಾಗಿ ಸುತ್ತಿ ಅದನ್ನು ಕೂಡಿಸಿಕೊಂಡಿದ್ದರು. ಹೊಸದು ತಗೊಳ್ಳಿ ಎಂದರೆ, "ಇದು ಕಾಣ್ತದ, ಸಾಕು" ಎನ್ನುತ್ತಿದ್ದರು.

ನಮ್ಮದು ದೊಡ್ಡ ಶಿಕ್ಷಣ ಸಂಸ್ಥೆ. ಮುಖ್ಯ ಕಚೇರಿ ಕಲಬುರಗಿಯಲ್ಲಿ. ಶಾಲೆ, ಹಾಸ್ಟೆಲ್ಲುಗಳು ಸುತ್ತಲಿನ ತಾಲೂಕುಗಳಲ್ಲಿ. ನಾನು ಕಮಲಾಪುರ ಹಾಸ್ಟೆಲ್ಲಿನ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅಲ್ಲಿ ಕೂತು ಬರೆದ ಫೈಲು ಕ್ಲೌಡಿನ ಮೂಲಕ ಇಲ್ಲಿ ಮುಖ್ಯ ಕಚೇರಿಯಲ್ಲಿ ತಾನಾಗಿ ಬಂದು ಕೂರಬೇಕು. ಕೂರದಿದ್ದಾಗ ಎಲ್ಲರೂ ಫೋನು ಹಚ್ಚುವುದು, ಇಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಆಪಾಗೆ. ಊರಿನ ಮೋಮಿನಪುರ ಬಡಾವಣೆಯಿಂದ ಆಟೋದಲ್ಲಿ ಬರುತ್ತಿದ್ದ ಈ ಹೆಂಗಸನ್ನು ಕಾವಲುಗಾರನಿಂದ ಕಾರ್ಯದರ್ಶಿಯವರೆಗೆ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಆಪಾ, ಫೈಲ್ ಹೋಗೇಬಿಡ್ತು" ಎಂದು ನಾವು ಗಾಬರಿಯಾದರೆ ಅವರ ಉತ್ತರ ಯಾವಾಗಲೂ ಒಂದೇ. "ಹೋಗಿಲ್ಲ ಬೇಟಾ, ಎಲ್ಲೋ ಕುಂತದ. ಮೊದಲ ಕೈ ತಗಿ. ಎಷ್ಟು ಮಂದಿ ಅದನ್ನ ತೆರದೀರಿ ಹೇಳು." ಇಬ್ಬರು ಒಂದೇ ಫೈಲನ್ನು ಏಕಕಾಲಕ್ಕೆ ತಿದ್ದಿದರೆ ಕ್ಲೌಡು ಎರಡನ್ನೂ ಉಳಿಸಿಕೊಂಡು, ಎರಡನೆಯ ಪ್ರತಿಯ ಹೆಸರಿಗೆ ತಿದ್ದಿದ ಕಂಪ್ಯೂಟರಿನ ಹೆಸರನ್ನೂ ಅಂಟಿಸುತ್ತದೆ. ಆ ಎರಡನೆಯ ಪ್ರತಿಯನ್ನು ತಮ್ಮನ್ನು ಕೇಳದೆ ಅಳಿಸಬಾರದು ಎಂದು ಆಪಾ ತಾಕೀತು ಮಾಡಿದ್ದರು. ನಾನು ಆ ಮಾತು ಮೀರಿದೆ.

ಆಪಾ ಸಾಧು ಹೆಂಗಸಾಗಿರಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಪ್ರೀತಿ. ಕಮಲಾಪುರದ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಹಿಂದೊಮ್ಮೆ ನಾಲ್ಕು ಜನರ ಮುಂದೆ ಅವರನ್ನು "ವೈರ್ ಎಳಿಯೋ ಹೆಂಗಸು" ಎಂದಿದ್ದರಂತೆ. ವರ್ಷಗಳು ಕಳೆದರೂ ಚಹಾ ಕುಡಿಯುವಾಗೆಲ್ಲ ಆಪಾ ಅದನ್ನು ನೆನೆಸುತ್ತಿದ್ದರು. ಅದೇ ಸಾಹೇಬರಿಗೆ ಹೊಸ ಲ್ಯಾಪ್‌ಟಾಪ್ ಬಂದಾಗ ಸಿದ್ಧಮಾಡಿ ಕೊಟ್ಟವರೂ ಆಪಾ. ಬೇರೆಲ್ಲರ ಯಂತ್ರಗಳಿಗೆ ಕೋಣೆಯ ನಂಬರೇ ಹೆಸರು. ಸಾಹೇಬರು ಮಾತ್ರ ತಮ್ಮ ಪೂರ್ತಿ ಹೆಸರು, ಮನೆತನದ ಹೆಸರು, ಕೊನೆಗೆ 'ಸಾಹೇಬ್' ಎಂದೂ ಹಾಕಿಸಿಕೊಂಡಿದ್ದರು.

ಆ ವರ್ಷ ಹಂಗಾಮಿ ನೌಕರರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಬರೆದವಳು ನಾನು. ಒಂದು ದಿನ ಸಾಹೇಬರು ಫೋನು ಮಾಡಿ, "ಎರಡು ಫೈಲ್ ಕಾಣಲತ್ತಾವ ನೋಡು. ಹಳೇದು ತಗದು, ಹೊಸಾದಕ್ಕ ಆ ಹೆಸರು ಕೊಡು" ಎಂದರು. ತೆರೆದೂ ನೋಡದೆ ಹಾಗೇ ಮಾಡಿದೆ. ವಾರದ ಮೇಲೆ ನೋಡಿದರೆ ಹಾಸ್ಟೆಲ್ಲಿನ ಅಡುಗೆಯ ಇಬ್ಬರು ಹೆಂಗಸರ ಹೆಸರು ಪಟ್ಟಿಯಲ್ಲಿಲ್ಲ. ಆ ಜಾಗದಲ್ಲಿ ಸಾಹೇಬರ ಭಾವಮೈದುನನ ಹೆಸರು. ಅಳಿಸಿದ್ದು ಯಾರೆಂದು ಕ್ಲೌಡನ್ನು ಕೇಳಿದರೆ ಅದು ನನ್ನ ಹೆಸರು ತೋರಿಸಿತು. "ನಾ ಫೋನೇ ಮಾಡಿಲ್ಲ" ಎಂದರು ಸಾಹೇಬರು. ನನ್ನನ್ನು ಯಾಕೆ ಕೆಲಸದಿಂದ ತೆಗೆಯಬಾರದು ಎಂದು ನೋಟೀಸು ಬಂತು.

ಆ ಇಬ್ಬರು ಹೆಂಗಸರು ನನ್ನ ಮುಖ ನೋಡುವುದನ್ನೂ ಬಿಟ್ಟರು. ಅದು ನೋಟೀಸಿಗಿಂತ ಹೆಚ್ಚು ಸುಟ್ಟಿತು. ಕಮಲಾಪುರದ ಕೆಂಬಾಳೆಯ ಒಂದು ಚಿಪ್ಪು ಹಿಡಿದುಕೊಂಡು ಅಳುತ್ತ ಆಪಾ ಮುಂದೆ ನಿಂತೆ. ಅವರು ಒಂದು ಹಣ್ಣು ಸುಲಿದು ನಿಧಾನವಾಗಿ ತಿಂದರು. ಕೈ ಒರೆಸಿಕೊಂಡು ಫೈಲಿನ ಇತಿಹಾಸ ತೆರೆದರು. ನಾನು ಹೊಸ ಹೆಸರು ಕೊಡುವ ಮೊದಲು ಆ ಫೈಲಿಗೆ ಇದ್ದ ಹೆಸರು ಅಲ್ಲಿ ಹಾಗೇ ಕೂತಿತ್ತು, ಸಾಹೇಬರ ಲ್ಯಾಪ್‌ಟಾಪಿನ ಉದ್ದನೆಯ ಹೆಸರಿನ ಸಮೇತ. ಅಳಿಸಿದ ಹಳೆಯ ಪಟ್ಟಿಯೂ ಕ್ಲೌಡಿನ ಕಸದ ಬುಟ್ಟಿಯಲ್ಲಿ ಸಿಕ್ಕಿತು.

"ಈಗಲೇ ಕಾರ್ಯದರ್ಶಿಗಳಿಗೆ ತೋರಿಸೂಣ್ರಿ" ಎಂದೆ.

"ಗಡಬಡ ಮಾಡಬ್ಯಾಡ. ಒಬ್ಬರ ಕಿವಿಗೆ ಹೇಳಿದ್ರ ಒಳಗಿಂದೊಳಗ ಮುಚ್ಚಿಬಿಡ್ತಾರ. ವಿಚಾರಣಾ ದಿನ ಎಲ್ಲಾರೂ ಬರಲಿ. ಆ ಅಡಗಿ ಹೆಣ್ಮಕ್ಕಳನ್ನೂ ಕರಿ."

ವಿಚಾರಣೆಯ ದಿನ ದೊಡ್ಡ ಪರದೆಯ ಮೇಲೆ ಆ ಇತಿಹಾಸ ತೆರೆದಿಟ್ಟು ಆಪಾ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಸಾಹೇಬ್ರ, ನನ್ನ ಕಣ್ಣು ಮಂದ ಆಗ್ಯಾವ್ರೀ. ಇಲ್ಲೇನು ಹೆಸರದ, ಜರಾ ನೀವೇ ಓದ್ರಿ."

ಸಾಹೇಬರು ಓದಲು ಶುರು ಮಾಡಿದರು. ತಮ್ಮ ಹೆಸರು ಬಂದಲ್ಲಿ ನಿಂತರು. "ಮುಂದ ಓದ್ರಿ" ಎಂದರು ಆಪಾ. ಕಾರ್ಯದರ್ಶಿಗಳೂ ಓದಿ ಎಂದರು. 'ಸಾಹೇಬ್' ಎಂಬುದರವರೆಗೆ ಓದಿಸದೆ ಆಪಾ ಬಿಡಲಿಲ್ಲ. ಅಡುಗೆಯ ಹೆಂಗಸರು ಗೋಡೆಗೆ ಆನಿಕೊಂಡು ಕೇಳುತ್ತಿದ್ದರು. ಅಂಥ ಸುಖ ನಾನು ಮತ್ತೆ ಕಂಡಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ನನ್ನ ನೋಟೀಸು ರದ್ದಾಯಿತು, ಅವರಿಬ್ಬರೂ ಕಾಯಮಾದರು. ಸಾಹೇಬರಿಗೆ ಆದದ್ದು ವರ್ಗಾವಣೆ, ಅಷ್ಟೇ. ಎರಡು ವರ್ಷಕ್ಕೆ ಅವರು ಮುಖ್ಯ ಕಚೇರಿಗೇ ಬಂದು ಕೂತರು. ಹೋಗಲಿ ಬಿಡು ಎಂದು ಎಲ್ಲರೂ ಹೇಳಿದರು. ನನ್ನನ್ನು ಕೈಕೆಳಗೆ ಕರೆಸಿಕೊಂಡು ಕೆಲಸ ಕಲಿಸುತ್ತಿದ್ದ ಆಪಾ ಮಾತ್ರ, "ಮಾಫ್ ಮಾಡಬ್ಯಾಡ ಬೇಟಾ. ಅಂವ ಇನ್ನೂ ಮಾಫಿ ಕೇಳಿಲ್ಲ" ಎಂದರು.

ಹೋದ ಚಳಿಗಾಲದಲ್ಲಿ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ಆಪಾ ತೀರಿಕೊಂಡರು. ಅವರ ಕುರ್ಚಿ ನನಗೆ ಬಂತು. ಅವರ ಮಗಳು ಆ ಕನ್ನಡಕವನ್ನೂ ತಂದುಕೊಟ್ಟಳು.

ಸಂತಾಪ ಸಭೆಯಲ್ಲಿ ಮುಖ್ಯ ಭಾಷಣ ಸಾಹೇಬರದು. ಆಪಾರನ್ನು ತಾವೇ ಕೈಹಿಡಿದು ಬೆಳೆಸಿದ್ದಾಗಿ ಬರೆದುಕೊಂಡಿದ್ದರು. ಸಭಾಂಗಣದ ಕಂಪ್ಯೂಟರಿನಲ್ಲಿ ಆ ಭಾಷಣ ಸಿಗಲಿಲ್ಲವೆಂದು ನನ್ನನ್ನು ಕರೆದರು. ಪರದೆಯ ಮೇಲೆ ಎರಡು ಪ್ರತಿಗಳಿದ್ದವು. ಗುಮಾಸ್ತ ತೆರೆದಿಟ್ಟಿದ್ದು ಖಾಲಿ; ಭಾಷಣವಿದ್ದದ್ದು ಅದರ ಕೆಳಗಿನ, ಸಾಹೇಬರ ಲ್ಯಾಪ್‌ಟಾಪಿನ ಉದ್ದ ಹೆಸರು ಅಂಟಿದ್ದ ಪ್ರತಿಯಲ್ಲಿ. ಅದನ್ನು ನಾನು ಒಮ್ಮೆ ಒತ್ತಿದ್ದರೆ ಮುಗಿಯುತ್ತಿತ್ತು.

ನಾನು ಆಪಾರ ಕನ್ನಡಕವನ್ನು ಮೇಜಿನ ಮೇಲೆ ಇಟ್ಟೆ. "ಸಾಹೇಬ್ರ, ನನ್ನ ಕಣ್ಣು ಮಂದ ಆಗ್ಯಾವ್ರೀ. ಯಾವ ಫೈಲ್ ಬೇಕು, ಜರಾ ನೀವೇ ಹೆಸರು ಓದ್ರಿ."

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. ಆಗ ಮುಂದಿನ ಸಾಲಿನಲ್ಲಿದ್ದ, ಅಡುಗೆಯ ಆ ಇಬ್ಬರಲ್ಲಿ ಹಿರಿಯ ಹೆಂಗಸು ಎದ್ದು ನಿಂತಳು. ಆಕೆಗೆ ಓದಲು ಬಾರದು. ಪರದೆಯ ಕಡೆ ನೋಡದೆಯೇ, ವಿಚಾರಣೆಯಲ್ಲಿ ಕೇಳಿದ್ದ ಆ ಹೆಸರನ್ನು ಮೊದಲಿನಿಂದ 'ಸಾಹೇಬ್'ವರೆಗೆ ತಪ್ಪಿಲ್ಲದೆ ಹೇಳಿ, ಸೆರಗು ಹೊದ್ದು ಕುಳಿತಳು.